ದೊಡ್ಡ ಮ್ಯಾಪ್

"ಹೊಸ ಇಂಜಿನ್ ಕಂಪ್ಯೂಟರಿಗೆ ಮ್ಯಾಪ್ ಸೆನ್ಸರ್ ಯಾವುದು ಹಾಕ್ಲಿ ಸಾರ್, ಚಿಕ್ಕದಾ, ದೊಡ್ಡದಾ?" ಎಂದು ಗ್ಯಾರೇಜಿನ ಮೆಕ್ಯಾನಿಕ್ ಎರಡು ಡಬ್ಬಿ ಗಂಡನ ಮುಂದಿಟ್ಟದ್ದೇ ತಡ, ಪಕ್ಕದಲ್ಲಿದ್ದ ಹೆಂಡತಿಯ ಮುಖ ಅರಳಿತು.

"ಅಂತೂ ಬುದ್ಧಿ ಬಂತಲ್ಲ ನಿಮಗೆ! ದಾರಿ ಕೇಳಿ ಅಂದ್ರೆ ಕೇಳಲ್ಲ. ಹೋದ ಸಲ ನಮ್ಮಕ್ಕನ ಮನೆಗೆ ಅಂತ ಹೊರಟು ಕೋಳಿ ಫಾರಂ ಸೇರಿದ್ವಿ. ದೊಡ್ಡ ಮ್ಯಾಪೇ ತಗೊಳ್ಳಿ."

ಕಾರಿನ ಇಂಜಿನ್ನಿಗೆ ಟರ್ಬೊ ನೂಕುವ ಗಾಳಿಯ ಒತ್ತಡ ಅಳೆಯುವ ಆ ಬೆರಳುದ್ದದ ಸೆನ್ಸರಿಗೂ ದಾರಿಗೂ ಸಂಬಂಧವೇ ಇಲ್ಲ. ಆದರೆ ಕಾರಿನ ವೇಗ ಹೆಚ್ಚಿಸುವ ಆಸೆಯಿದ್ದ ಗಂಡನ ಕಣ್ಣೂ ಇದ್ದದ್ದು ಹೆಚ್ಚು ಒತ್ತಡ ಅಳೆಯುವ ದೊಡ್ಡದರ ಮೇಲೆಯೇ. ಮನೆಯಲ್ಲಿ ಬಾಯಿಬಿಡುವ ಧೈರ್ಯವಿರಲಿಲ್ಲ, ಅಷ್ಟೆ. ನಿಜ ಹೇಳಲು ಹೊರಟ ಮೆಕ್ಯಾನಿಕ್ಕನ ಕಾಲನ್ನು ಮೆಲ್ಲಗೆ ತುಳಿದ.

"ಇದು ಎಲ್ಲಾ ಸರಿಯಾಗಿ ತೋರಿಸುತ್ತೆ ತಾನೆ?" ಅವಳು ಕೇಳಿದಳು.

ಮೆಕ್ಯಾನಿಕ್ ಕಾಲು ಎಳೆದುಕೊಂಡು, ಗಂಡನ ಹಣೆಯ ಬೆವರನ್ನೇ ನೋಡಿದ. "ಹೂಂ ಅಕ್ಕಾ. ಎಲ್ಲಿ ಎಷ್ಟು ಒತ್ತಡ ಇದೆ ಅಂತ ಪಕ್ಕಾ ತೋರಿಸುತ್ತೆ."