ಹೊಲಿಗೆ ಬಿದ್ದ ಕಾರು

"ಏನ್ರೀ ಇದು, ಕಾರಿಗೆ ಆಪರೇಷನ್ ಮಾಡಿಸಿದೀರಾ?"

ಹೆಂಡತಿಯ ಜೊತೆ ಹಳೆ ಕಾರು ಕೊಳ್ಳಲು ಬಂದಿದ್ದ ಕನ್ನಡಕದವರು ಬಿಳಿ ಕಾರಿನ ತಳಕ್ಕೆ ಬಗ್ಗಿ ಕೇಳಿದರು. ಬಾಗಿಲುಗಳ ಕೆಳಗಿನ ಪಟ್ಟಿಯುದ್ದಕ್ಕೂ ಹೊಸ ಬೆಸುಗೆ, ಹೊಲಿಗೆ ಹಾಕಿದಂತೆ.

ಅದನ್ನು ಹಾಕಿದ್ದ ವೆಲ್ಡರನಿಗೆ ಮೈಯೆಲ್ಲ ಉರಿಯಿತು. ಈ ಜಾತಿಯ ಕಾರಿಗೆ ಅಡಿಯಲ್ಲಿ ಬೇರೆ ಚಾಸಿ ಚೌಕಟ್ಟು ಇರುವುದಿಲ್ಲ, ಮೈಯೇ ಬೆನ್ನುಮೂಳೆ. ಬಾಗಿಲು ವಾಲದಂತೆ ಒಳಗೆ ಆಸರೆಗೆ ಪೈಪು ಕೊಟ್ಟು, ತುಕ್ಕು ತಿಂದದ್ದನ್ನೆಲ್ಲ ಕತ್ತರಿಸಿ ಎಸೆದು, ದಪ್ಪ ತಗಡು ಕೂರಿಸುವಷ್ಟರಲ್ಲಿ ಅವನ ಬೆನ್ನು ಬಿದ್ದುಹೋಗಿತ್ತು. "ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಕಪ್ಪು ಬಣ್ಣ ಹೊಡಿಯೋ, ಯಾರು ಮಲಗಿ ನೋಡ್ತಾರೆ?" ಎಂದಿದ್ದ ಶೆಡ್ಡಿನ ಯಜಮಾನ, ಅವನ ಅಕ್ಕನ ಗಂಡ. ಇವನು ಕೇಳಿರಲಿಲ್ಲ. "ಆಯ್ತಪ್ಪ ಸತ್ಯವಂತ. ಇದು ಇವತ್ತು ಹೋಗ್ಲಿಲ್ಲಾಂದ್ರೆ ನಾಳೆಯಿಂದ ನೀನೂ ಪುಟ್ಟಿ ಕಲಸ್ಬೇಕು" ಎಂದು ಭಾವ ಮಾತು ಮುಗಿಸಿದ್ದ. ಪಕ್ಕದ ಕೆಂಪು ಕಾರು ಭಾವನದೇ ಕೈಕೆಲಸ.

"ತುಕ್ಕು ತೆಗೆದು ಹೊಸ ತಗಡು ಹಾಕಿದೀನಿ ಸಾರ್. ಕಲ್ಲಿದ್ದಂಗಿದೆ."

"ಎಲ್ಲೋ ಗುದ್ದಿರೋ ಗಾಡಿ ಬಿಡಪ್ಪ. ನಾವೇನು ಕಿವಿ ಮೇಲೆ ಹೂ ಇಟ್ಕೊಂಡು ಬಂದಿದೀವಾ?" ಅವರು ಕೆಂಪು ಕಾರಿನ ಕೆಳಗೆ ಬಗ್ಗಿದರು. "ನೋಡೇ ಇಲ್ಲಿ, ಒಂದು ಗೀರಿಲ್ಲ! ಮಗು ಕೆನ್ನೆ ಇದ್ದಂಗಿದೆ."

"ಅದೆಲ್ಲ ಬರೀ ಪುಟ್ಟಿ ಸಾರ್! ಒಳಗೆಲ್ಲ ತುಕ್ಕು. ತೋರಿಸ್ತೀನಿ ಬನ್ನಿ." ವೆಲ್ಡರ್ ಸ್ಕ್ರೂಡ್ರೈವರ್ ಹಿಡಿದು ಮಂಡಿಯೂರಿದ.

"ಏಯ್, ನನ್ನ ಗಾಡಿ ಗೀಚ್ಬೇಡ!" ಆಗಲೇ ಕೊಂಡವರಂತೆ ಕನ್ನಡಕದವರು ಅವನ ಕೈ ಹಿಡಿದೆಳೆದರು. "ನಿನ್ನದು ಹೋಗ್ಲಿಲ್ಲಾಂತ ಪಕ್ಕದ್ದಕ್ಕೆ ಹೆಸರಿಡ್ತೀಯಾ? ಇಂಥವರನ್ನ ಎಷ್ಟು ನೋಡಿಲ್ಲ ನಾನು!"

ಅಷ್ಟು ಹೊತ್ತೂ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಭಾವ ದುಡ್ಡು ಎಣಿಸಿಕೊಂಡ. ಕೆಂಪು ಕಾರಿನ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಆಮೇಲೆ ಭಾವಮೈದುನನ ಹೆಗಲು ತಟ್ಟಿ, "ನಾನು ಹೊಗಳಿದ್ರೆ ಹೋಗ್ತಿರ್ಲಿಲ್ಲ ಕಣೋ. ನೀನು ಬೈದೆ, ಹೋಯ್ತು" ಎಂದು ಕಿವಿಯಲ್ಲಿ ನಕ್ಕ.

ವೆಲ್ಡರ್ ಅವನ ಕೈ ಕೊಡವಿ ಹೊರಟ ಕಾರಿನ ಹಿಂದೆ ಓಡಿದ. "ಮೇಡಂ, ನೀವಾದ್ರೂ ಕೇಳಿ!"

ಕನ್ನಡಕದವರು ಗಾಜು ಏರಿಸಿದರು. "ಅವನ ಮುಖ ಏನು ನೋಡ್ತೀಯ? ಮೊದ್ಲು ಬೆಲ್ಟ್ ಹಾಕ್ಕೊ. ಜೀವಕ್ಕಿಂತ ಹೆಚ್ಚಿಂದು ಯಾವುದಿದೆ?"

ಆಕೆ ಬೆಲ್ಟನ್ನು ಎಳೆದು ಬಿಗಿದುಕೊಂಡರು. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಅದರ ಬೋಲ್ಟು ಹಿಡಿದುಕೊಂಡಿದ್ದದ್ದು ಪುಟ್ಟಿಯನ್ನು.