ಭರಣಿಯೊಳಗಿನ ಕೈ

ಅಪ್ಪೆಮಿಡಿಯ ಕಾಲ. ಮಂಚಿಕೇರಿಯ ಮಹಿಳಾ ಸಂಘದ ಅಧ್ಯಕ್ಷೆ ಪರಿಮಳಮ್ಮನ ಮನೆಯ ಜಗಲಿಯಲ್ಲಿ ಸಂಘದ ಹೆಂಗಸರು ಬೆಳಗಿನಿಂದ ಮಿಡಿಗೆ ಉಪ್ಪು ಹಾಕುತ್ತಿದ್ದರು. ಮಿಡಿ ಕೊಯ್ದು ತರುವ ದೇವಿಯ ಜಾಗ ಯಾವತ್ತೂ ಅಂಗಳ. ಇಂದು ಅವಳನ್ನು ಮೇಲೆ ಕರೆದವಳು ಪರಿಮಳಮ್ಮನ ಸೊಸೆ ಶ್ರೀವಾಣಿ, ಕೈಯಲ್ಲಿ ಕ್ಯಾಮರಾ ಹಿಡಿದು.

"ಭರಣಿ ಒಳಗೇ ಕೈ ಹಾಕೇ ದೇವಿ. ಸಂಘದ ವೆಬ್‌ಸೈಟಿಗೆ ಇದು. ನಮ್ಮಲ್ಲಿ ಭೇದಭಾವ ಇಲ್ಲ ಅಂತ ನಾಕು ಜನ ನೋಡ್ಲಿ."

"ಹಂಗಾರೆ ನನ್ನೂ ಸಂಘಕ್ಕೆ ಸೇರಿಸ್ಕಂತ್ರಾ ಅಮ್ಮಾ?"

"ಸೇರಿಸ್ಕಳ್ಳದೇ ಏನು? ಮೊದ್ಲು ನಗು."

ದೇವಿ ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಮೊಣಕೈತನಕ ಭರಣಿಯೊಳಗೆ ಇಳಿಸಿದಳು. ಉಪ್ಪುನೀರು ತಣ್ಣಗಿತ್ತು. ಪಕ್ಕದಲ್ಲಿ ಕೂತ ಪರಿಮಳಮ್ಮ ಅವಳ ಹೆಗಲ ಮೇಲೆ ಕೈಯಿಟ್ಟು ನಕ್ಕಳು. ಆ ಕೈ ಬಿದ್ದದ್ದೇ ದೇವಿಗೆ ಹೇಳಿಸಿಕೊಳ್ಳದೆ ನಗು ಬಂತು.

"ಫೋಟೋ ಚೊಲೋ ಬೈಂದು ಅತ್ತೆ," ಎಂದಳು ಶ್ರೀವಾಣಿ, ಕ್ಯಾಮರಾ ಇಳಿಸಿ. ಪರಿಮಳಮ್ಮ ಕೂಡಲೇ ಎದ್ದು ಬಚ್ಚಲಿಗೆ ನಡೆದಳು.

"ನಾಳಿಂದ ನಾನೂ ಇಲ್ಲೇ ಕೂರ್ಲಾ?" ದೇವಿಯ ಕೈ ಇನ್ನೂ ಭರಣಿಯಲ್ಲೇ ಇತ್ತು.

ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುತ್ತಲೇ ಪರಿಮಳಮ್ಮ ಕೂಗಿದಳು, "ಆ ಭರಣಿ ನೀನೇ ತಗಂಡು ಹೋಗೇ. ನೀ ಮುಟ್ಟಿದ್ದು ಇನ್ನು ನಮಗಾಗೂದಿಲ್ಲ. ಹೋಗ್ತಾ ಕೂತ ಜಾಗಕ್ಕೆ ಸಗಣಿ ನೀರು ಹಾಕು. ನಾಳೆ ಮಿಡಿ ಬೇಗ ತಾ."