ಅಂಗಳದ ಕೆಳಗಿನ ಹಗೇವು

ಜೋಳದ ಡಬ್ಬಿಗೆ ಬೇವಿನೆಲೆ ಹಾಕುವಾಗ ಈಗಲೂ ಆ ತೋಟದ ಮನೆ ನೆನಪಾಗುತ್ತದೆ. ಅಪ್ಪನಿಗೆ ವರ್ಗವಾಗಿ ನಾವು ಹೋದ ಮಹಾರಾಷ್ಟ್ರದ ಊರಿನ ಹೆಸರೇ ಕನ್ನಡ. ಆದರೆ ನಮ್ಮ ಮನೆಯಾಚೆ ಕನ್ನಡವಿರಲಿಲ್ಲ. ಮರಾಠಿ ಬಾರದ ಅವ್ವ ಎಲ್ಲಿ ಹೋದರೂ ಸುಮ್ಮನಿರುತ್ತಿದ್ದಳು.

ಒಮ್ಮೆ ಊರಾಚೆಯ ಆ ತೋಟದ ಮನೆ ನೋಡಲು ಹೋದಾಗ, ಅಲ್ಲಿನ ಮರಾಠಿ ಅಜ್ಜಿ, ಎಲ್ಲರ ಆಜಿ, ನಮಗೆ ಕರಿಗಲ್ಲಿನ ಗೋಡೆ, ತೇಗದ ಕಂಬ, ದನದ ಕೊಟ್ಟಿಗೆ ಎಲ್ಲ ತೋರಿಸಿ, ಕೊನೆಗೆ ಅಂಗಳದ ಚಪ್ಪಡಿ ಸರಿಸಿದಳು. ಕೆಳಗೆ ಕಾಳು ತುಂಬಿಡುವ ಆಳವಾದ ಗುಂಡಿ. ಅಪ್ಪ ಇಳಿಯಲು ಕಾಲು ಚಾಚಿದ.

"ತಡೀರಿ! ಮುಚ್ಚಿಟ್ಟ ಹಗೇವಿನಾಗ ಕೆಟ್ಟ ಗಾಳಿ ಇರತೈತಿ. ಮೊದಲ ದೀಪಾ ಇಳಸ್ರಿ!" ಎಂದು ಅವ್ವ ಕೂಗಿದಳು.

ದೀಪವೆಂದದ್ದು ತಿಳಿದು ಆಜಿ ಕಂದೀಲಿಗೆ ಹಗ್ಗ ಕಟ್ಟಿ ತಂದಳು. ಅವ್ವ, ಆಜಿ ಇಬ್ಬರೂ ಬಗ್ಗಿ ಅದನ್ನು ಗುಂಡಿಗಿಳಿಸಿ, ಆರದೆ ಉರಿಯುವುದನ್ನು ನೋಡಿದರು. ದುಂಡನೆಯ ಕಲ್ಲುಗೋಡೆ, ತಳಕ್ಕೆ ಹಾಸಿದ್ದ ಒಣ ಬೇವಿನೆಲೆ ಕಂಡವು.

"ಆಮ್ಚಂ ಪೇವ್," ಎಂದಳು ಆಜಿ, ಗುಂಡಿಯನ್ನೂ ತನ್ನನ್ನೂ ತೋರಿಸಿ.

"ನಮ್ಮ ಕಡೆ ಹಗೇವು ಅಂತಾರ್ರೀ," ಎಂದಳು ಅವ್ವ.

ಆಜಿ ಅಪ್ಪನನ್ನು ಪಕ್ಕಕ್ಕೆ ನಿಲ್ಲಿಸಿ, ಅವ್ವನ ಕೈಹಿಡಿದು ಅವಳನ್ನೇ ಮೊದಲು ಇಳಿಸಿದಳು.